ಹದಿನಾಲ್ಕು ಬಾಗಿಲುಗಳ ಅಡುಗೆಮನೆ

ತೊಳೆದ ತಟ್ಟೆಗಳನ್ನು ಒರೆಸಿ ಒಂದೊಂದಾಗಿ ಮೇಲಿನ ಕಪಾಟಿನಲ್ಲಿ ಇಡುತ್ತಿದ್ದೆ. ಐದನೆಯ ತಟ್ಟೆಗೆಂದು ಪಕ್ಕದ ಕಪಾಟಿನ ಬಾಗಿಲು ಎಳೆದೆ. ಬಾಗಿಲು ಬಂತು. ಪೂರ್ತಿ ಬಂತು. ಕೀಲು, ಮೊಳೆ, ಒಂದು ಹಿಡಿ ಮರದ ಪುಡಿ ಸಮೇತ ನನ್ನ ಎಡಗೈಗೆ ಬಂದು ಕೂತಿತು. ಬಲಗೈಯಲ್ಲಿ ತಟ್ಟೆ, ಎಡಗೈಯಲ್ಲಿ ಬಾಗಿಲು ಹಿಡಿದುಕೊಂಡು ನಾನು ಯುದ್ಧಕ್ಕೆ ಹೊರಟವಳ ಹಾಗೆ ನಿಂತೆ.

"ರೀ, ಇನ್ನೊಂದು ಬಿತ್ತು."

"ಯಾವುದು?" ನಮ್ಮವರು ಹಜಾರದಿಂದಲೇ ಕೇಳಿದರು.

"ಸಕ್ಕರೆ ಡಬ್ಬಿ ಇಡೋದು."

"ಎಡಗಡೆದೋ ಬಲಗಡೆದೋ?"

"ಇನ್ನು ಅದಕ್ಕೆ ಎಡ ಬಲ ಏನೂ ಇಲ್ಲ. ನನ್ನ ಕೈಲಿದೆ."

"ಗೋಡೆಗೆ ಒರಗಿಸಿಡು. ಮಿಕ್ಕಿದ್ದೂ ಬಿದ್ದ ಮೇಲೆ ಒಟ್ಟಿಗೆ ನೋಡೋಣ."

ಒಟ್ಟು ಹದಿನಾಲ್ಕು ಬಾಗಿಲು. ಅದರಲ್ಲಿ ಇದು ಮೂರನೆಯದು. ಮಿಕ್ಕ ಹನ್ನೊಂದು ಬೀಳುವವರೆಗೆ ಕಾಯಲು ನನಗೇನೂ ಅಡ್ಡಿಯಿರಲಿಲ್ಲ. ನಲವತ್ತೆಂಟು ವರ್ಷ ಇವರ ಜೊತೆ ಸಂಸಾರ ಮಾಡಿದವಳಿಗೆ ಕಾಯುವುದೇ ಒಂದು ಕಸುಬು. ಆದರೆ ಆ ದಿನ ಬೆಳಿಗ್ಗೆ ದೊಡ್ಡಕ್ಕನ ಕಾಗದ ಬಂದಿತ್ತು.

ದೊಡ್ಡಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಗೆ ಬಂದಿದ್ದಳು. ನೀರು ಕುಡಿಯಲು ಲೋಟ ಹುಡುಕುತ್ತ ಕಪಾಟಿನ ಬಾಗಿಲು ತೆರೆದಳು. ಅದು ಓರೆಯಾಗಿ ತೂಗಾಡಿತು. ಪಕ್ಕದ್ದು ತೆರೆದಳು. ಅದು ಇನ್ನೊಂದು ಕಡೆಗೆ ಓರೆಯಾಯಿತು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕಳು. "ಏನೇ ಇದು, ನಿಮ್ಮ ಕಪಾಟು ನನ್ನ ಹಲ್ಲಿನ ಥರಾನೇ ಇದೆಯಲ್ಲೇ! ಒಂದು ಪೂರ್ವಕ್ಕೆ ನೋಡುತ್ತೆ, ಒಂದು ಪಶ್ಚಿಮಕ್ಕೆ!"

ನನಗೂ ನಗು ಬಂತು. ನಮ್ಮವರಿಗೆ ಬರಲಿಲ್ಲ. ಅವರು ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಕಚೇರಿಯಲ್ಲಿದ್ದವರು. ಅಂಗಡಿ ಅಂಗಡಿಗೆ ಹೋಗಿ, ನಿನ್ನ ತಕ್ಕಡಿ ಓರೆ, ನಿನ್ನ ಸೇರು ಸುಳ್ಳು ಎಂದು ಬರೆದುಕೊಂಡು ಬರುವುದೇ ಅವರ ಉದ್ಯೋಗ. ನಿವೃತ್ತರಾದ ಮೇಲೂ ಬೀದಿಯವರೆಲ್ಲ ಅವರನ್ನು ಅಳತೆ ಸಾಹೇಬರು ಎಂದೇ ಕರೆಯುತ್ತಾರೆ. ಅಂಥವರ ಮನೆಯೊಳಗೇ ಓರೆ ಇದೆ ಎಂದು ಒಬ್ಬ ಹೆಂಗಸು, ಅದೂ ಹೆಂಡತಿಯ ಅಕ್ಕ, ಸೊಂಟದ ಮೇಲೆ ಕೈ ಇಟ್ಟು ಹೇಳಿದ್ದಳು. ಅವಳು ಊರಿಗೆ ಹೊರಟ ದಿನ ಇವರು ಚಪ್ಪಲಿ ಹುಡುಕುವ ನೆವದಲ್ಲಿ ಹತ್ತು ನಿಮಿಷ ಒಳಗೇ ಉಳಿದುಬಿಟ್ಟರು. ಬೀಳ್ಕೊಡಲು ಬಾಗಿಲಿಗೆ ಬರಲಿಲ್ಲ. ಚಪ್ಪಲಿ ಕಾಲಿನಲ್ಲೇ ಇತ್ತು.

"ಅಡುಗೆಮನೆ ಹೊಸದಾದ ದಿನ ನಾನೇ ಕೈಯಾರೆ ಕಾಗದ ಬರೆದು ನಿಮ್ಮಕ್ಕನ್ನ ಕರೀತೀನಿ," ಎಂದರು. "ಅಲ್ಲೀವರೆಗೆ ಆ ಮಾತು ಬೇಡ."

ದೊಡ್ಡಕ್ಕನಿಗೂ ಅಷ್ಟೇ ಬಿಗುಮಾನ. "ನಾನು ನಗೋಕೆ ಅಂದಿದ್ದು. ಅವರೇ ಬರೆದು ಕರೆದ್ರೆ ಬರ್ತೀನಿ. ಇಲ್ಲಾಂದ್ರೆ ಆ ಹೊಸಲು ತುಳಿಯಲ್ಲ," ಎಂದು ಬರೆದಳು. ನಾನು ಅಕ್ಷರ ಕಲಿತದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಬರೆದ ಮೊದಲ ಕಾಗದವೇ ದೊಡ್ಡಕ್ಕನಿಗೆ. ಅಲ್ಲಿಂದ ಈವರೆಗೆ ತಿಂಗಳಿಗೊಂದು ಬರೆದಿದ್ದೇನೆ. ಆದರೆ ಈ ಒಂದು ಕಾಗದ ನನ್ನ ಕೈಬರಹದಲ್ಲಿ ಹೋದರೆ ನಡೆಯುವಂತಿರಲಿಲ್ಲ. ಅದನ್ನು ಇವರೇ ಬರೆಯಬೇಕು. ಇವರು ಬರೆಯಬೇಕಾದರೆ ಅಡುಗೆಮನೆ ಹೊಸದಾಗಬೇಕು. ಹೀಗೆ ಒಂಬತ್ತು ವರ್ಷ ಹೋಯಿತು.

ಆ ಬೆಳಿಗ್ಗೆ ಬಂದ ಕಾಗದದಲ್ಲಿ ಸಾಲುಗಳು ಒಂದರ ಮೇಲೊಂದು ಏರಿಕೊಂಡಿದ್ದವು. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದೆ. 'ಎರಡು ಕಣ್ಣಿಗೂ ಮಬ್ಬು ಬಂದಿದೆ. ಡಾಕ್ಟರು ಇದು ಮಾಮೂಲಿ ಪೊರೆ ಅಲ್ಲ, ಕತ್ತರಿಸಿದರೆ ಹೋಗೋದಿಲ್ಲ ಅಂದರು. ಈ ವರ್ಷ ಬಂದರೆ ನಿನ್ನ ಮುಖ ನೋಡಬಹುದು. ಬರುವ ವರ್ಷವಾದರೆ ಮುಟ್ಟಿ ನೋಡಬೇಕು. ಅಳಿಯ ಇಪ್ಪತ್ತೆಂಟನೇ ತಾರೀಕು ಕೆಲಸದ ಮೇಲೆ ನಿಮ್ಮ ಊರಿಗೆ ಬರುತ್ತಾನೆ. ಕರೆದುಕೊಂಡು ಬರುತ್ತೇನೆ ಅನ್ನುತ್ತಾನೆ. ಅವರು ಬರೆದರಾ?'

ಬಿದ್ದ ಬಾಗಿಲು ಹಿಡಿದುಕೊಂಡೇ ಹಜಾರಕ್ಕೆ ಹೋಗಿ ಇದನ್ನು ನಮ್ಮವರಿಗೆ ಹೇಳಿದೆ. ಅವರು ಎದ್ದು ಗೋಡೆಯ ಕ್ಯಾಲೆಂಡರು ನೋಡಿದರು. ಆಮೇಲೆ, "ಇವತ್ತು ಮೂರನೇ ತಾರೀಕು. ಮೇಸ್ತ್ರೀನ ಕರೆಸು," ಎಂದರು.

ನನ್ನ ಕೈಯಲ್ಲಿದ್ದ ಬಾಗಿಲನ್ನು ಅಲ್ಲಿಯೇ ಕೆಳಗಿಟ್ಟೆ.

ಬಡಗಿ ಮೇಸ್ತ್ರಿ ಮರುದಿನವೇ ಬಂದ. ಕಪಾಟಿನೊಳಗೆ ತಲೆ ತೂರಿಸಿ, ಡಾಕ್ಟರು ಬೆನ್ನು ತಟ್ಟಿ ನೋಡುವ ಹಾಗೆ ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದ.

"ಇದನ್ನ ಕಿತ್ತು ಬಿಸಾಕ್ತೀನಿ ಅಂದ್ರೆ ಪಾಪ ಬರುತ್ತೆ ಸಾಹೇಬ್ರೇ. ಕಪಾಟಿನ ಡಬ್ಬ ಕಲ್ಲಿನ ಹಾಗಿದೆ. ಹೋಗಿರೋದು ಮುಖ ಮಾತ್ರ. ಬಾಗಿಲು ಹೊಸದು ಮಾಡಿ, ಹಿಡಿ ಹೊಸದು ಹಾಕಿ, ಅಂಚಿಗೆಲ್ಲ ಅದೇ ಬಣ್ಣದ ಪಟ್ಟಿ ಅಂಟಿಸಿಬಿಟ್ರೆ ಆಯ್ತು. ಹತ್ತು ದಿನದ ಕೆಲಸ. ಹೊಸ ಅಡುಗೆಮನೆ ಅಲ್ಲ ಅಂತ ಯಾರಿಗೂ ಗೊತ್ತಾಗಲ್ಲ."

ಇವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮುಖ ಅರಳಿತು.

"ಹಾಗಾದ್ರೆ ಒಂದು ಬಾಗಿಲು ಮಾದರಿಗೆ ಒಯ್ತೀನಿ," ಎಂದ ಮೇಸ್ತ್ರಿ, ಗೋಡೆಗೆ ಒರಗಿದ್ದ ಬಾಗಿಲಿಗೆ ಕೈ ಹಾಕಿ.

"ಮಾದರಿ ಯಾಕಯ್ಯಾ?" ಇವರ ಧ್ವನಿ ಏರಿತು. "ನನ್ನ ಅಳತೆ ಇರೋವಾಗ?"

ಒಳಗಿನಿಂದ ಕಚೇರಿಯ ಹಳೆಯ ಉಕ್ಕಿನ ಟೇಪು ಬಂತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರ ಹಾಕಿ ಕೊಟ್ಟದ್ದು. ಅದರ ಮೊದಲ ಹತ್ತು ಸೆಂಟಿಮೀಟರು ಮುರಿದು ಯಾವ ಕಾಲವಾಯಿತೋ. ಇವರು ಹತ್ತರ ಗೆರೆಯಿಂದ ಹಿಡಿದು ಅಳೆಯುತ್ತಾರೆ, ಬಂದದ್ದರಲ್ಲಿ ಹತ್ತನ್ನು ಮನಸ್ಸಿನಲ್ಲೇ ಕಳೆಯುತ್ತಾರೆ. ಆ ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಅಳೆಯುತ್ತಿದ್ದರಂತೆ. ಹೊಸ ಟೇಪಿಗೆ ಅರ್ಜಿ ಹೋಗಿ ಹನ್ನೆರಡು ವರ್ಷವಾಗಿತ್ತಂತೆ. ಇವರು ಸ್ಟೂಲಿನ ಮೇಲೆ ನಿಂತು ಗಂಭೀರವಾಗಿ ಅಂಕಿ ಕೂಗಿದರು. ಮೇಸ್ತ್ರಿ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಮರ ಉಜ್ಜುವ ಉಪ್ಪುಕಾಗದದ ಬೆನ್ನಿನ ಮೇಲೆ ಬರೆದುಕೊಂಡ. ಬರೆಯುವಾಗ ಒಮ್ಮೆ ಆ ಮುರಿದ ಟೇಪಿನ ತುದಿಯನ್ನು ನೋಡಿ, ಏನೋ ಲೆಕ್ಕ ಹಾಕಿದವನ ಹಾಗೆ ತಲೆಯಾಡಿಸಿದ. ನಾನದನ್ನು ಕಂಡೆ. ಅಳತೆಯ ವಿಷಯದಲ್ಲಿ ಬಾಯಿ ಹಾಕಬಾರದೆಂದು ಮದುವೆಯಾದ ವರ್ಷವೇ ಕಲಿತಿದ್ದೆ.

ಹದಿನೈದಕ್ಕೆ ಬಾಗಿಲು ತರುತ್ತೇನೆ ಎಂದು ಮೇಸ್ತ್ರಿ ಹೋದ. ಇವರು ಅಂದೇ ಬಿಳಿ ಹಾಳೆಯಲ್ಲಿ ಕಾಗದ ಶುರುಮಾಡಿದರು. 'ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು. ನಮ್ಮ ಹೊಸ ಅಡುಗೆಮನೆಯನ್ನು ನೋಡಲು ತಾವು ದಯಮಾಡಿಸಬೇಕು.' ಅಷ್ಟು ಬರೆದು ಪೆನ್ನು ಮುಚ್ಚಿದರು.

"ಸಹಿ ಹಾಕಿ ಕಳಿಸಿಬಿಡಿ ರೀ."

"ಆಗದೆ ಇರೋದನ್ನ ಆಗಿದೆ ಅಂತ ಬರೆದು ಸಹಿ ಹಾಕೋ ಜಾತಿ ಅಲ್ಲ ನಾನು. ಕೊನೇ ಬಾಗಿಲು ಕೂತ ಮೇಲೆ ಸಹಿ."

ಕಾಗದ ಅವರ ಅಂಗಿಯ ಜೇಬಿನಲ್ಲಿ ಮಡಚಿ ಕೂತಿತು.

ಆಮೇಲೆ ಆದದ್ದೆಲ್ಲ ಮೆಟ್ಟಿಲ ಮೇಲೆ ಶುರುವಾಯಿತು. ನಮ್ಮ ಕಟ್ಟಡದಲ್ಲಿ ಎಂಟು ಮನೆ. ಎದುರು ಮನೆಯ ಟೀಚರಮ್ಮ ಯಾರಾದರೂ ಒಂದು ಚೀಲ ಹೊತ್ತು ಹೋದರೂ ಒಳಗೇನಿದೆ ಎಂದು ಕೇಳಿಯೇ ತೀರುವವರು. ಬಿದ್ದ ಬಾಗಿಲುಗಳನ್ನು ಇವರು ಕಸದ ಜಾಗಕ್ಕೆ ಒಯ್ಯುತ್ತಿದ್ದಾಗ ಅವರು ಎದುರಾದರು.

"ಏನು ಸಾಹೇಬ್ರೇ, ಬಾಗಿಲು ರಿಪೇರಿನಾ?"

ರಿಪೇರಿ ಎಂಬ ಮಾತು ಇವರ ಎದೆಗೆ ನಾಟಿತು. "ರಿಪೇರಿ ಮಾಡಿಸೋ ಕಾಲ ಹೋಯ್ತು ಟೀಚರೇ," ಎಂದರು. "ಹೊಸ ಅಡುಗೆಮನೆ ಮಾಡಿಸ್ತಾ ಇದ್ದೀವಿ."

"ಪೂರ್ತಿ?"

ಹೇಳಬಹುದಾಗಿತ್ತು, ಇಲ್ಲಮ್ಮ, ಬರೀ ಬಾಗಿಲು ಎಂದು. ಎರಡೇ ಮಾತು. ಆದರೆ ಟೀಚರಮ್ಮ ಹೋದ ವರ್ಷ ಪೂರ್ತಿ ಅಡುಗೆಮನೆಯನ್ನೇ ಬದಲಾಯಿಸಿದ್ದರು. ಎಂಟು ಮನೆಯವರನ್ನೂ ಕರೆದು ಒಂದೊಂದು ಡ್ರಾಯರನ್ನೂ ಎಳೆದು ತೋರಿಸಿದ್ದರು. ಅದು ಸದ್ದಿಲ್ಲದೆ ತಾನೇ ಒಳಗೆ ಹೋಗುವುದನ್ನು ಇವರು ಮೂರು ಸಲ ನೋಡಬೇಕಾಗಿ ಬಂದಿತ್ತು.

"ಪೂರ್ತಿ," ಎಂದರು ನಮ್ಮವರು.

ಸಂಜೆಯಾಗುವುದರೊಳಗೆ ಕಟ್ಟಡದ ಸಂಘದ ಕಾರ್ಯದರ್ಶಿ ನಮ್ಮ ಬಾಗಿಲಲ್ಲಿದ್ದರು. ಕಂಕುಳಲ್ಲಿ ನಿಯಮಾವಳಿ. ಹಿಂದೆ ಟೀಚರಮ್ಮ, ತಾನು ಸುಮ್ಮನೆ ಗಾಳಿಗೆ ನಿಂತವರ ಹಾಗೆ.

"ಸಾಹೇಬ್ರೇ, ಅಡುಗೆಮನೆ ಕೆಡವ್ತೀರಂತೆ?"

"ಕೆಡವೋದು ಅಂತಲ್ಲ..."

"ಕೆಡವದೆ ಹೊಸದು ಹೇಗೆ ಬರುತ್ತೆ? ನಿಯಮ ಹದಿನೇಳು ನೋಡಿ. ಹೊಸ ಅಡುಗೆಮನೆಗೆ ಪುರಸಭೆ ಇನ್‌ಸ್ಪೆಕ್ಟರ ಒಪ್ಪಿಗೆ ಪತ್ರ ಬೇಕು. ಅದಿಲ್ಲದೆ ಒಂದು ಮೊಳೇನೂ ಗೇಟು ದಾಟಲ್ಲ."

ನಾನು ಒಳಗಿನಿಂದ ಹೇಳಿದೆ, "ಬರೀ ಬಾಗಿಲು ಬದಲಾಯಿಸ್ತಿರೋದು ಕಣಪ್ಪಾ."

ಕಾರ್ಯದರ್ಶಿ ನಮ್ಮವರ ಮುಖ ನೋಡಿದರು. ಟೀಚರಮ್ಮನೂ ನೋಡಿದರು. ನಮ್ಮವರು ಗಂಟಲು ಸರಿಮಾಡಿಕೊಂಡು, "ಅವಳಿಗೆ ಕೆಲಸದ ವಿವರ ಗೊತ್ತಿಲ್ಲ," ಎಂದರು.

ಅರ್ಜಿ ಹೋಯಿತು. 'ವಿಷಯ: ಹೊಸ ಅಡುಗೆಮನೆ' ಎಂದು ಇವರೇ ಮುದ್ದಾದ ಅಕ್ಷರದಲ್ಲಿ ಬರೆದರು. ಹನ್ನೆರಡನೇ ತಾರೀಕು ಇನ್‌ಸ್ಪೆಕ್ಟರು ಬಂದರು. ಸಣ್ಣಗೆ, ಸುಸ್ತಾಗಿ, ಯಾರ ಮನೆಯಲ್ಲೂ ಕೂರದೆ ನಿಂತೇ ಆಯುಷ್ಯ ಕಳೆದವರ ಹಾಗಿದ್ದರು. ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದರು.

"ಹೊಸ ಅಡುಗೆಮನೆ ಎಲ್ಲಿ?"

"ಬರ್ತಾ ಇದೆ ಸಾರ್," ಎಂದರು ಇವರು.

"ಇದು?"

"ಇದು ಹಳೇದು."

"ಹಳೇದು ಇದ್ದ ಹಾಗೇ ಇದೆಯಲ್ರೀ. ಇದಿರೋವಾಗಲೇ ಹೊಸದಕ್ಕೆ ಒಪ್ಪಿಗೆ ಕೊಟ್ರೆ ಒಂದೇ ಮನೇಲಿ ಎರಡು ಅಡುಗೆಮನೆ ಆಗುತ್ತೆ. ಎರಡು ಅಡುಗೆಮನೆ ಅಂದ್ರೆ ಎರಡು ಸಂಸಾರ. ಎರಡು ಸಂಸಾರಕ್ಕೆ ಫಾರಂ ಬೇರೆ."

"ಸಾರ್, ಬರೀ ಬಾಗಿಲು," ಎಂದೆ ನಾನು, ಎರಡನೆಯ ಸಲ.

"ಅಮ್ಮಾ, ಅರ್ಜಿಯಲ್ಲಿ ಬಾಗಿಲು ಅನ್ನೋ ಮಾತೇ ಇಲ್ಲ. ಅರ್ಜೀಲಿ ಇರೋದನ್ನ ಮಾತ್ರ ನಾನು ನೋಡೋದು. ನಿಮ್ಮನ್ನ ನೋಡೋಕೆ ಬಂದಿಲ್ಲ." ಅವರು ಇವರ ಕಡೆ ತಿರುಗಿದರು. "ಹಳೇದು ತೆಗೆಸಿ. ತೆಗೆಸಿದ ಮೇಲೆ ತಿಳಿಸಿ. ಬಂದು ನೋಡಿ ಸಹಿ ಹಾಕ್ತೀನಿ."

ನಮ್ಮವರ ಕಣ್ಣಲ್ಲಿ ನಾನು ಕಂಡದ್ದು ಸಿಟ್ಟಲ್ಲ, ಗೌರವ. ತಾವೂ ಮೂವತ್ತೊಂದು ವರ್ಷ ಇದೇ ಮಾತನ್ನು ಬೇರೆ ಬೇರೆ ಅಂಗಡಿಗಳಲ್ಲಿ ಆಡಿದವರು. ಇನ್‌ಸ್ಪೆಕ್ಟರನ್ನು ಗೇಟಿನವರೆಗೆ ಬಿಟ್ಟು ಬಂದರು.

ಎರಡು ಸಂಸಾರ ಎಂಬ ಮಾತಷ್ಟೇ ಮೆಟ್ಟಿಲವರೆಗೆ ಕೇಳಿಸಿತ್ತೆಂದು ಕಾಣುತ್ತದೆ. ಮರುದಿನ ಟೀಚರಮ್ಮ ನನ್ನ ಕೈ ಹಿಡಿದುಕೊಂಡು, "ಈ ವಯಸ್ಸಲ್ಲಿ ಬೇರೆ ಒಲೆ ಯಾಕಮ್ಮಾ? ಏನೇ ಇರ್ಲಿ, ಮಾತಾಡಿ ಸರಿಮಾಡ್ಕೊಳ್ಳಿ," ಎಂದರು. ನಿಜ ಹೇಳಿದ್ದರೂ ಅವರು ನಂಬುತ್ತಿರಲಿಲ್ಲ.

ಹದಿನೈದಕ್ಕೆ ಮೇಸ್ತ್ರಿ ಮಾತಿಗೆ ತಪ್ಪದೆ ಬಂದ. ಹದಿನಾಲ್ಕು ಬಾಗಿಲು, ಕಾಗದದಲ್ಲಿ ಸುತ್ತಿ, ಹಗ್ಗ ಬಿಗಿದು. ಗೇಟಿನಲ್ಲಿ ಕಾರ್ಯದರ್ಶಿ ಎರಡು ಕೈ ಚಾಚಿ ತಡೆದರು. ಮೇಸ್ತ್ರಿ ಕೂಗಾಡಿದ, ಕಾರ್ಯದರ್ಶಿ ನಿಯಮ ಹದಿನೇಳನ್ನು ಗಟ್ಟಿಯಾಗಿ ಓದಿದರು. ಕೊನೆಗೆ ಕಟ್ಟು ಬಿಚ್ಚದೆ ಕಾವಲುಗಾರನ ಕೋಣೆಯಲ್ಲಿ ಇಡುವುದೆಂದು ರಾಜಿಯಾಯಿತು. ಕಾವಲುಗಾರ ಅದರ ಮೇಲೆ ಹಾಸಿಗೆ ಹಾಸಿಕೊಂಡ.

ನಾನು ಮಾತ್ರ ತಾರೀಕು ಎಣಿಸುತ್ತಿದ್ದೆ. ಮಾಮೂಲಿ ಅಂಚೆಗೆ ಐದು ದಿನ ಬೇಕು. ಇಪ್ಪತ್ತೆರಡು ದಾಟಿದರೆ ಕಾಗದ ಮುಟ್ಟುವಷ್ಟರಲ್ಲಿ ಅಳಿಯ ಹೊರಟಿರುತ್ತಾನೆ. ದೊಡ್ಡಕ್ಕ ತನ್ನ ಮನೆಯ ಕಿಟಕಿಯ ಹತ್ತಿರ ಕೂತು, ಇದ್ದಷ್ಟು ಬೆಳಕಿನಲ್ಲಿ ದಾರಿ ನೋಡುತ್ತಿರುತ್ತಾಳೆ.

"ರೀ, ಆ ಕಾಗದ..."

"ಹಳೇದು ತೆಗೆಸ್ಬೇಕು ಕಣೇ. ಅಷ್ಟಾದ್ರೆ ಎಲ್ಲ ಆಯ್ತು."

"ತೆಗೆಸಿದ್ರೆ..." ಎಂದು ನಾನು ಶುರುಮಾಡಿದೆ. ಅವರು ಆಗಲೇ ಎದ್ದು ಹೋಗಿದ್ದರು.

ಹದಿನೆಂಟನೇ ತಾರೀಕು ಬೆಳಿಗ್ಗೆ ಹೊದಿಕೆಗಳನ್ನು ಒಗೆದು, ಬಕೆಟ್ಟು ಹೊತ್ತು ತಾರಸಿಗೆ ಹೋದೆ. ಗಾಳಿಯಿತ್ತು. ಒಂದೊಂದಕ್ಕೂ ನಾಲ್ಕು ನಾಲ್ಕು ಕ್ಲಿಪ್ಪು ಹಾಕುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು. ಕೆಳಗೆ ಬೀದಿಯಲ್ಲಿ ಒಂದು ಸಾಮಾನು ಗಾಡಿ ನಿಂತದ್ದು ಕಾಣಿಸಿತು. ಪಕ್ಕದಲ್ಲಿ ನನ್ನ ಮೈದುನ, ಸೊಂಟಕ್ಕೆ ಟವೆಲು ಬಿಗಿದು ಇಬ್ಬರು ಆಳುಗಳಿಗೆ ಕೈ ಬೀಸುತ್ತಿದ್ದ. ಪಾಪ, ಯಾರೋ ಮನೆ ಖಾಲಿ ಮಾಡುತ್ತಿದ್ದಾರೆ, ಸಹಾಯಕ್ಕೆ ಬಂದಿದ್ದಾನೆ ಅಂದುಕೊಂಡೆ.

ಗಾಳಿಗೆ ಹಾರದಿರಲೆಂದು ಹೊದಿಕೆಗಳನ್ನು ಕಾದು ಕೂತು, ಮಧ್ಯಾಹ್ನ ಕೆಳಗಿಳಿದು ಬಂದೆ. ಅಡುಗೆಮನೆಯಲ್ಲಿ ಬಕೆಟ್ಟು ಇಟ್ಟ ಸದ್ದು ದೊಡ್ಡದಾಗಿ ಕೇಳಿಸಿತು. ಖಾಲಿ ಕೋಣೆಯಲ್ಲಿ ಕೇಳಿಸುವ ಹಾಗೆ. ತಲೆಯೆತ್ತಿದೆ.

ಗೋಡೆ ಇತ್ತು. ಗೋಡೆಯ ಮೇಲೆ ಕಪಾಟಿದ್ದ ಜಾಗದಲ್ಲೆಲ್ಲ ತಿಳಿ ಬಣ್ಣದ ಚೌಕಗಳಿದ್ದವು. ಒಲೆ ಒಂದು ಮೇಜಿನ ಮೇಲಿತ್ತು. ಸಿಂಕು ಎರಡು ಕಬ್ಬಿಣದ ಕಾಲಿನ ಮೇಲೆ ನಿಂತಿತ್ತು. ಪಾತ್ರೆ, ಡಬ್ಬಿ, ತಟ್ಟೆ, ನಲವತ್ತೆಂಟು ವರ್ಷದ ಸಂಸಾರವೆಲ್ಲ ನೆಲದ ಮೇಲೆ, ಹಳೆಯ ಪತ್ರಿಕೆಗಳ ಮೇಲೆ, ಸಂತೆಗೆ ಬಂದ ಹಾಗೆ ಕೂತಿತ್ತು. ನಡುವೆ ನಮ್ಮವರು ಕೈ ಒರೆಸಿಕೊಳ್ಳುತ್ತ ನಗುತ್ತಿದ್ದರು.

"ರೀ, ಕಪಾಟು?"

"ಹೋಯ್ತು!" ಎಂದರು. "ನನ್ನ ತಮ್ಮ ಬಂದಿದ್ದ. ಹೇಗೂ ಹೊಸದು ಮಾಡಿಸ್ತಿದ್ದೀಯಲ್ಲ ಅಣ್ಣಾ, ಹಳೇದು ನನಗಿರಲಿ ಅಂದ. ನಾನು ಆಳು ಹುಡುಕ್ತಾ ಇದ್ದೆ, ಇವನೇ ಕರ್ಕೊಂಡು ಬಂದ. ಮಿಕ್ಕ ಬಾಗಿಲುಗಳನ್ನೂ ಬಿಚ್ಚಿ ಬಿಸಾಕಿ, ಒಂದು ಗೀರೂ ಬೀಳದ ಹಾಗೆ ನಾನೇ ನಿಂತು ಇಳಿಸಿಕೊಟ್ಟೆ. ಇನ್ನು ಇನ್‌ಸ್ಪೆಕ್ಟರು ಸಹಿ ಹಾಕೋದೊಂದೇ ಬಾಕಿ."

"ಸರಿ," ಎಂದೆ. ಒಂದು ಸ್ಟೂಲು ಎಳೆದು ಕೂತೆ. "ಬಾಗಿಲು ಯಾವುದಕ್ಕೆ ಹಾಕಿಸ್ತೀರಿ?"

ಅವರು ಉತ್ತರ ಕೊಡಲು ಬಾಯಿ ತೆರೆದರು. ತೆರೆದದ್ದು ಹಾಗೇ ಉಳಿಯಿತು. ಕಣ್ಣು ಮಾತ್ರ ಗೋಡೆಯ ಚೌಕಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಎಣಿಸಿತು. ಒಬ್ಬ ಮನುಷ್ಯನ ಮುಖದಲ್ಲಿ ಅರ್ಥವಾಗುವುದು ಎಷ್ಟು ನಿಧಾನವಾಗಿ ಬರುತ್ತದೆ ಎಂಬುದನ್ನು ನಾನು ಆ ದಿನ ಪೂರ್ತಿಯಾಗಿ ನೋಡಿದೆ.

"ತಮ್ಮನಿಗೆ ಫೋನು ಮಾಡು," ಎಂದರು ಕೊನೆಗೆ, ಪಿಸುಮಾತಿನಲ್ಲಿ.

ಫೋನು ಎತ್ತಿದವಳು ಓರಗಿತ್ತಿ. "ಅಯ್ಯೋ ಅಕ್ಕಾ, ಎಷ್ಟು ಗಟ್ಟಿ ಇದೆ ಗೊತ್ತಾ! ಬಾಗಿಲಿಲ್ಲದ್ದೇ ಒಳ್ಳೇದಾಯ್ತು. ಅವರು ಬಂದ ಕೂಡಲೇ ಹೊರಗಿನ ಹಾಲ್‌ನಲ್ಲಿ ನಿಲ್ಲಿಸಿ ಚಪ್ಪಲಿ ಜೋಡಿಸಿಬಿಟ್ವಿ. ಮನೇವರದ್ದು ಎಲ್ಲಾ ಸೇರಿ ಇಪ್ಪತ್ತಾರು ಜೊತೆ. ಬೂಟು ಬೇರೆ. ಯಾಕಕ್ಕಾ?"

"ಏನಿಲ್ಲ ಕಣೇ," ಎಂದೆ. ಇಪ್ಪತ್ತಾರು ಜೊತೆ ಚಪ್ಪಲಿ ಇದ್ದ ಕಪಾಟಿನಲ್ಲಿ ನಾನು ಸಕ್ಕರೆ ಇಡಲಾರೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಇವರಿಗೂ ಗೊತ್ತಿತ್ತು. ಸದ್ದಿಲ್ಲದೆ ಹೋಗಿ ಕಿಟಕಿಯ ಹತ್ತಿರ ನಿಂತರು.

ಇನ್‌ಸ್ಪೆಕ್ಟರು ಮರುದಿನ ಬಂದರು. ಬರಿಗೋಡೆ ನೋಡಿ ಅವರ ಸುಸ್ತಾದ ಮುಖದಲ್ಲಿ ಮೊದಲ ಬಾರಿ ಸಂತೋಷ ಕಂಡಿತು. "ನೋಡಿ, ಇದು ಕೆಲಸ! ಎಷ್ಟೋ ಜನ ಅರ್ಧಂಬರ್ಧ ತೆಗೆದು ನಮ್ಮ ಕಣ್ಣಿಗೆ ಮಣ್ಣೆರಚ್ತಾರೆ." 'ತೃಪ್ತಿಕರ' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ನಮ್ಮವರು ಆ ಪತ್ರವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. ತಮ್ಮದೇ ಶಿಕ್ಷೆಯ ತೀರ್ಪನ್ನು ಓದುವವರ ಹಾಗೆ.

ಇಪ್ಪತ್ತನೇ ತಾರೀಕು ಬಾಗಿಲುಗಳು ಮೆರವಣಿಗೆಯಲ್ಲಿ ಮೇಲೆ ಬಂದವು. ಮುಂದೆ ಪತ್ರ ಹಿಡಿದು ಕಾರ್ಯದರ್ಶಿ, ಹಿಂದೆ ಕಟ್ಟು ಹೊತ್ತ ಮೇಸ್ತ್ರಿ, ಅವನ ಹಿಂದೆ ಟೀಚರಮ್ಮ. ಮೇಸ್ತ್ರಿ ಕಟ್ಟನ್ನು ಇಳಿಸಿ, ಬೆವರು ಒರೆಸಿಕೊಂಡು ಅಡುಗೆಮನೆಯೊಳಗೆ ಕಾಲಿಟ್ಟ. ನಿಂತ. ಹೊರಗೆ ಬಂದು ಮನೆಯ ನಂಬರು ನೋಡಿದ. ಮತ್ತೆ ಒಳಗೆ ಹೋದ.

"ಅಮ್ಮಾ, ಡಬ್ಬ ಎಲ್ಲಿ?"

"ಚಪ್ಪಲಿ ಇಡೋಕೆ ಹೋಗಿದೆ," ಎಂದೆ.

"ಯಾರು ಕೊಟ್ಟಿದ್ದು?"

ಎಲ್ಲರೂ ನಮ್ಮವರನ್ನು ನೋಡಿದರು. ನಮ್ಮವರು ಸೀಲಿಂಗು ನೋಡಿದರು.

"ಸಾಹೇಬ್ರೇ!" ಎಂದು ಮೇಸ್ತ್ರಿ ಕೂಗಿದ. "ಮುಖ ಮಾತ್ರ ಬದಲಾಯಿಸೋದು ಅಂತ ನಾವಿಬ್ರೂ ಮಾತಾಡ್ಕೊಂಡಿದ್ದಲ್ವಾ! ಮೈಯನ್ನೇ ದಾನ ಮಾಡಿ ಈಗ ಮುಖಾನ ನಾನು ಎಲ್ಲಿ ಅಂಟಿಸ್ಲಿ?"

"ಮುಖ ಮಾತ್ರನಾ?" ಟೀಚರಮ್ಮನ ಕತ್ತು ಸಾರಸದ ಹಾಗೆ ಉದ್ದವಾಯಿತು. "ಪೂರ್ತಿ ಹೊಸದು ಅಂದ್ರಲ್ಲ ಸಾಹೇಬ್ರು?"

"ಹಾಗಾದ್ರೆ ಒಪ್ಪಿಗೆ ಪತ್ರವೇ ಬೇಕಾಗಿರ್ಲಿಲ್ಲ," ಎಂದು ಕಾರ್ಯದರ್ಶಿ ನಿಯಮಾವಳಿ ತಿರುವಿದರು. "ಬಾಗಿಲು ಬದಲಾವಣೆ ನಿಯಮ ಹತ್ತೊಂಬತ್ತು. ಅದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ."

ನಮ್ಮವರಿಗೆ ಏನಾದರೂ ಮಾಡಲೇಬೇಕಾಗಿತ್ತು. ಮುಂದೆ ಬಂದು ಕಟ್ಟಿನ ಹಗ್ಗ ಬಿಚ್ಚಿದರು. "ಬಾಗಿಲಾದ್ರೂ ನೋಡೋಣ. ಡಬ್ಬ ಮತ್ತೆ ಮಾಡಿಸಿದ್ರಾಯ್ತು. ಅಳತೆ ಇದೆಯಲ್ಲ," ಎಂದರು. ಒಂದು ಬಾಗಿಲನ್ನು ಎತ್ತಿ ಗೋಡೆಯ ಮೇಲಿನ ಚೌಕಕ್ಕೆ ಹಿಡಿದರು. ಬಾಗಿಲಿನ ಒಂದು ಪಕ್ಕದಲ್ಲಿ ಅಂಗೈ ಅಗಲ ಚೌಕ ಉಳಿಯಿತು. ಮೇಲೆಯೂ ಅಂಗೈ ಅಗಲ. ಇನ್ನೊಂದು ಬಾಗಿಲು ಹಿಡಿದರು. ಅದೂ ಅಷ್ಟೇ.

ಮೇಸ್ತ್ರಿ ಹತ್ತಿರ ಬಂದು ಬಗ್ಗಿ ನೋಡಿದ.

"ಹತ್ತು ಕಡಿಮೆ," ಎಂದರು ನಮ್ಮವರು, ಟೇಪಿಲ್ಲದೆ, ಕಣ್ಣಿನಲ್ಲೇ ಅಳೆದು. ಅದೊಂದನ್ನು ಅವರು ತಪ್ಪಿಲ್ಲದೆ ಅಳೆದರು. "ಉದ್ದಕ್ಕೂ ಹತ್ತು, ಅಗಲಕ್ಕೂ ಹತ್ತು."

"ಕಡಿಮೆ ಹೇಗಾಗುತ್ತೆ?" ಮೇಸ್ತ್ರಿ ಉಪ್ಪುಕಾಗದ ತೆಗೆದ. "ನಿಮ್ಮ ಟೇಪು ಮುರಿದಿತ್ತು. ಅದನ್ನ ನೋಡಿ ನಾನು ಒಂದೊಂದರಲ್ಲೂ ಹತ್ತು ಕಳೆದಿದ್ದೀನಿ."

"ನಾನು ಕಳೆದೇ ಹೇಳಿದ್ದು!"

"ಕಳೆದೇ ಹೇಳಿದ್ರಾ? ಕಳೆದಿದ್ದೀನಿ ಅಂತ ಹೇಳ್ಬೇಕಲ್ವಾ!"

"ನೀನು ಕಳೀತೀನಿ ಅಂತ ಹೇಳ್ಬೇಕಲ್ವಾ!"

"ಬಾಗಿಲು ಮಾಡುವಾಗಲೇ ಅಂದ್ಕೊಂಡೆ ಸಾಹೇಬ್ರೇ, ಇದೇನು ಮಕ್ಕಳಾಟದ ಅಡುಗೆಮನೆ ಥರ ಇದೆ ಅಂತ. ಆದ್ರೆ ಅಳತೆ ಸಾಹೇಬ್ರ ಅಳತೆ. ನನ್ನಂಥವನು ಪ್ರಶ್ನೆ ಕೇಳೋದಾ?" ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ, ಪಾತ್ರೆಗಳ ನಡುವೆ ಕೂತುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ತನ್ನಷ್ಟಕ್ಕೆ ಅಂದ, "ಹೋಗ್ಲಿ ಬಿಡಿ. ಇಲ್ಲದ ಕಪಾಟಿಗೆ ಬಾಗಿಲು ಚಿಕ್ಕದಾದ್ರೇನು, ದೊಡ್ಡದಾದ್ರೇನು."

ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಅವರ ನಗು ಮೆಟ್ಟಿಲಿಳಿದು ಎಂಟು ಮನೆಗೂ ಹೋಗಿ ಬಂತು. ಕಾರ್ಯದರ್ಶಿ ನಿಯಮಾವಳಿಯಿಂದ ಮುಖ ಮುಚ್ಚಿಕೊಂಡರು.

ಎಲ್ಲರೂ ಹೋದ ಮೇಲೆ ನಮ್ಮವರು ಆ ದಿನ ಊಟಕ್ಕೆ ಏಳಲಿಲ್ಲ. ಮರುದಿನ ಬೆಳಿಗ್ಗೆ ನಾನು ನೆಲದ ಮೇಲಿನ ಡಬ್ಬಿಗಳಲ್ಲಿ ಚಹದ ಪುಡಿ ಹುಡುಕುತ್ತಿದ್ದಾಗ, ಅವರು ಗೋಡೆಗೆ ಒರಗಿಸಿಟ್ಟ ಹದಿನಾಲ್ಕು ಬಾಗಿಲುಗಳ ಎದುರು ಕೂತಿದ್ದರು. ಮಡಿಲಲ್ಲಿ ಜೇಬಿನ ಕಾಗದ ಬಿಚ್ಚಿಕೊಂಡಿತ್ತು. ಮಡಿಕೆಯಲ್ಲಿ ಸೀಳು ಬಿಟ್ಟಿತ್ತು.

"ಇವತ್ತು ಇಪ್ಪತ್ತೊಂದು," ಎಂದೆ.

"ಗೊತ್ತು."

"ಅವಳು ಕಾಯ್ತಿರ್ತಾಳೆ."

"ಏನಂತ ಬರೀಲೇ?" ಎಂದರು. "ಒಂದು ಬಾಗಿಲು ಓರೆ ಇದ್ದಿದ್ದಕ್ಕೇ ಅಷ್ಟು ನಕ್ಕಳು. ಈಗ ಓರೆಯಾಗೋಕೂ ಏನೂ ಉಳಿದಿಲ್ಲ. ಎಂಟು ಮನೆ ನಗ್ತಾ ಇದೆ. ಅವಳು ಬಂದು ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ರೆ ನಾನು ಎಲ್ಲಿಗೆ ಹೋಗ್ಲಿ?"

"ಎಲ್ಲಿಗೂ ಹೋಗ್ಬೇಡಿ. ಇಲ್ಲೇ ಇರಿ."

"ನಗ್ತಾಳೆ ಕಣೇ."

"ನಗ್ಲಿ," ಎಂದೆ. "ನೋಡಿ ನಗೋಕಾದ್ರೂ ಅವಳಿಗೆ ಕಣ್ಣು ಕಾಣ್ಬೇಕಲ್ರೀ. ಬರೋ ವರ್ಷ ನೀವು ಹೊಸ ಅಡುಗೆಮನೆ ಕಟ್ಟಿಸಿದ್ರೂ ಅವಳಿಗೆ ಹಳೇದೇ. ನನ್ನ ಮುಖಾನೂ ಅಷ್ಟೇ."

ಇದನ್ನು ನಾನು ಜೋರಾಗಿ ಹೇಳಲಿಲ್ಲ. ನಾನು ಯಾವುದನ್ನೂ ಜೋರಾಗಿ ಹೇಳುವವಳಲ್ಲ. ಆದರೆ ಹೇಳುವಾಗ ಕೈಯಲ್ಲಿದ್ದ ಚಹದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಅದು ಉರುಳಿ, ಬಾಗಿಲುಗಳ ಮುಂದೆ ಎರಡು ಸುತ್ತು ತಿರುಗಿ ಮಲಗುವವರೆಗೆ ಇಬ್ಬರೂ ಅದನ್ನೇ ನೋಡಿದೆವು.

ಅವರು ಎದ್ದು ಹೊಸ ಹಾಳೆ ತಂದರು. ಪೆನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದರು. ಮನೆಯವರಿಗೆ ಕಾಗದ ಬರೆದು ಗೊತ್ತಿಲ್ಲದ ಮನುಷ್ಯ. ಕೊನೆಗೆ ತಮಗೆ ಗೊತ್ತಿದ್ದ ರೀತಿಯಲ್ಲೇ ಬರೆದರು. ಮುಗಿಸಿ ನನ್ನ ಕೈಗೆ ಕೊಟ್ಟರು.

'ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು. ಈ ದಿನ ನಮ್ಮ ಅಡುಗೆಮನೆಯನ್ನು ತಪಾಸಣೆ ಮಾಡಲಾಗಿ ಕಂಡುಬಂದದ್ದು. ಕಪಾಟು: ಇ‌ಲ್ಲ. ಬಾಗಿಲು: ಹದಿನಾಲ್ಕು, ಹೊಸವು. ಅಳತೆ: ಪ್ರತಿಯೊಂದೂ ಉದ್ದ ಅಗಲದಲ್ಲಿ ಹತ್ತು ಸೆಂಟಿಮೀಟರು ಕಡಿಮೆ. ಪಾತ್ರೆಗಳು: ನೆಲದ ಮೇಲೆ. ಹೊಣೆ: ನನ್ನದು. ಷರಾ: ಒಂಬತ್ತು ವರ್ಷದ ಹಿಂದೆ ತಾವು ಹೊರಡುವಾಗ ನಾನು ಬಾಗಿಲಿಗೆ ಬರಲಿಲ್ಲ. ಬರಬೇಕಾಗಿತ್ತು. ತಾವು ಇಪ್ಪತ್ತೆಂಟಕ್ಕೆ ಅಳಿಯಂದಿರ ಜೊತೆ ಬರಬೇಕು. ಬಂದು ಎಷ್ಟು ಬೇಕಾದರೂ ನಗಬಹುದು. ನಿಮ್ಮ ತಂಗಿ ಕಾಯುತ್ತಿದ್ದಾಳೆ.'

ಕೆಳಗೆ ಸಹಿ ಇತ್ತು.

ನಾನು ಓದಿ ಮಡಚಿ ಲಕೋಟೆಗೆ ಹಾಕಿದೆ. ಅಂಟು ಹಚ್ಚಿದೆ. ಕೈ ಒದ್ದೆಯಾಗಿದ್ದರಿಂದ ಎರಡು ಸಲ ಹಚ್ಚಬೇಕಾಯಿತು. ಇಬ್ಬರೂ ಚಹ ಕುಡಿಯದೆ ಹೊರಟೆವು. ಮೆಟ್ಟಿಲ ಮೇಲೆ ಟೀಚರಮ್ಮ ಸಿಕ್ಕಿದರು.

"ಎಲ್ಲಿಗೆ ಸಾಹೇಬ್ರೇ, ಇಷ್ಟು ಬೆಳಿಗ್ಗೆ?"

ನಮ್ಮವರು ನಿಂತರು. ಬೆನ್ನು ನೆಟ್ಟಗಾಯಿತು. ಇನ್ನೇನು ದೊಡ್ಡದೊಂದು ಮಾತು ಬರುತ್ತದೆ ಎಂದು ನಾನು ಕಂಬಿ ಹಿಡಿದುಕೊಂಡೆ.

"ಅಂಚೆ ಕಚೇರಿಗೆ," ಎಂದರು. ಅಷ್ಟೇ ಅಂದರು.

ಅಂಚೆ ಕಚೇರಿ ನಾಲ್ಕು ಬೀದಿಯಾಚೆ. ನನ್ನ ಮಂಡಿಗೆ ಅದು ಎಂಟು ಬೀದಿ. ಮೂರು ಕಡೆ ಕೂತು ಸುಧಾರಿಸಿಕೊಂಡೆವು. ಕೂತಾಗಲೆಲ್ಲ ಇವರು ಲಕೋಟೆಯ ಮೇಲಿನ ವಿಳಾಸವನ್ನು ಮತ್ತೆ ಓದಿದರು. ಒಂದು ಸಲ, "ಕಣ್ಣು ಅಷ್ಟೊಂದು ಹೋಗಿದೆಯಾ?" ಎಂದು ಕೇಳಿದರು. ಸಾಲುಗಳು ಒಂದರ ಮೇಲೊಂದು ಏರಿವೆ ಎಂದೆ. ಆಮೇಲೆ ಅವರು ಕೂರಲಿಲ್ಲ, ನನ್ನನ್ನೂ ಕೂರಲು ಬಿಡಲಿಲ್ಲ.

ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಲಕೋಟೆ ತೂಗಿದ. "ಮಾಮೂಲಿನಾ, ತುರ್ತು ಅಂಚೆನಾ ಅಜ್ಜಾ?"

"ತುರ್ತು."

"ಇಷ್ಟು ತೆಳ್ಳಗಿದೆ. ಮಾಮೂಲೀಲಿ ಹಾಕಿದ್ರೂ ಹೋಗುತ್ತೆ. ಅಷ್ಟೊಂದು ಅರ್ಜೆಂಟಾ?"

"ಹೌದಪ್ಪಾ," ಎಂದರು ನಮ್ಮವರು, ಕಿಟಕಿಯ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು. "ತುಂಬಾ ಅರ್ಜೆಂಟು. ತಡ ಮಾಡ್ಬೇಡ."

ಗುಮಾಸ್ತೆ ಮೊಹರನ್ನು ಶಾಯಿಗೆ ಅದ್ದಿ, ಒಂಬತ್ತು ವರ್ಷ ತಡವಾದ ಕಾಗದದ ಮೇಲೆ ಒತ್ತಿ, ಹಿಂದಿದ್ದ ಚೀಲಕ್ಕೆ ಎಸೆದ.